ಸಾ॥ ಲಾಂಗ್ ಸಿಪೆಂಗ್, ತಾ॥ ಬೆಲಾಗಾ

ನಮ್ಮ ಮನೆಯವರು ಯಾರನ್ನೇ ಭೇಟಿಯಾಗಲಿ, ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು ತಹಶೀಲ್ದಾರರಾಗಿ ನಿವೃತ್ತರಾದವರು. ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ನಾಲ್ಕೂ ಕೈಗೆ ಸಿಗುವ ತನಕ ಎದುರಿಗೆ ನಿಂತ ಮನುಷ್ಯ ಅವರ ಪಾಲಿಗೆ ಹುಟ್ಟಿಯೇ ಇರುವುದಿಲ್ಲ. ಹ್ಯೂಸ್ಟನ್‌ಗೆ ಬಂದ ಮೇಲೂ ಈ ಚಟ ಬಿಡಲಿಲ್ಲ. ಕ್ಲಿಯರ್ ಲೇಕ್‌ನಲ್ಲಿ ಮಗಳ ಮನೆಯ ಹತ್ತಿರದ ಪಾರ್ಕಿಗೆ ಬೆಳಗ್ಗೆ ವಾಕಿಂಗ್ ಬರುವ ಕನ್ನಡದವರನ್ನು ಹಿಡಿದು ನಿಲ್ಲಿಸುತ್ತಿದ್ದರು.

"ಯಾವೂರ್ರಿ ನಿಮ್ದು?"

"ಬೆಂಗಳೂರು, ಅಂಕಲ್."

"ಬೆಂಗಳೂರು ಈಗ ಎಲ್ಲಾರದೂ ಆತು. ನಿಮ್ಮ ಅಜ್ಜಾರ ಊರು ಹೇಳ್ರಿ."

ಪಾಪ, ಆ ಇಂಜಿನಿಯರು ತಾಯಿಗೆ ಫೋನ್ ಮಾಡಿ ಕೇಳಿಕೊಂಡು ಮರುದಿನ ಬಂದು "ಮದ್ದೂರು ತಾಲ್ಲೂಕಂತೆ, ಅಂಕಲ್" ಎಂದು ಪಾಠ ಒಪ್ಪಿಸಿದ. ಇವರು "ಹಾಂ, ಈಗ ಸರಿಹೋತು" ಎಂದು ಅವನ ಬೆನ್ನು ತಟ್ಟಿದರು. ನನಗೆ ನಾಚಿಕೆಯಾಗಿ ಬೇರೆ ಕಡೆ ಮುಖ ತಿರುಗಿಸಿದೆ.

ಇಂಥವರಿಗೆ ಅಳಿಯನಾಗಲು ಹೊರಟವನು ಎಡ್ವಿನ್. ಮಲೇಶಿಯಾದವನು. ನಮ್ಮ ಮಗಳು ನಿಶಿತಾ ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ ಅವನೂ ಅಲ್ಲಿಯೇ ಓದುತ್ತಿದ್ದ. ಈಗ ಅವಳು ಹ್ಯೂಸ್ಟನ್‌ನಲ್ಲಿ ಬಾಹ್ಯಾಕಾಶ ಕೇಂದ್ರಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಯಲ್ಲಿದ್ದಾಳೆ, ಅವನು ಆಸ್ಟಿನ್ ಹತ್ತಿರದ ಟೇಲರ್‌ನ ಚಿಪ್ ಕಾರ್ಖಾನೆಯಲ್ಲಿದ್ದಾನೆ. ಬೇರೆ ದೇಶ, ಬೇರೆ ಧರ್ಮ ಎಂಬ ಜಗಳವನ್ನು ಹಿಂದಿನ ವರ್ಷವೇ ಧಾರವಾಡದಲ್ಲಿ ಕೂತು ಫೋನಿನಲ್ಲಿ ಆಡಿ ಮುಗಿಸಿದ್ದೆವು. ನಾನು ಅತ್ತು ಕರೆದೆ, ಇವರು ಎರಡು ದಿನ ಊಟ ಬಿಟ್ಟರು, ಅವಳು ಮೂರು ವಾರ ಫೋನ್ ಎತ್ತಲಿಲ್ಲ. ಕೊನೆಗೆ ಯಾರು ಸೋತೆವೋ ಈಗ ನೆನಪಿಲ್ಲ. ವಿಮಾನದ ಟಿಕೆಟ್ ಬುಕ್ ಮಾಡಿದ್ದಂತೂ ನಾವೇ.

ಲಗ್ನ ಡಿಸೆಂಬರಿನಲ್ಲಿ, ಡಲ್ಲಾಸ್‌ನಲ್ಲಿ. ಅಲ್ಲಿ ನನ್ನ ಅಣ್ಣನ ಮಗ ಪ್ರಶಾಂತ್ ಇದ್ದಾನೆ. ಹಾಲ್, ಅಡುಗೆಯವರು, ಮಂತ್ರ ಹೇಳುವ ಸ್ವಾಮಿಗಳು, ಎಲ್ಲವನ್ನೂ ಅವನೇ ಗೊತ್ತುಮಾಡಿದ್ದ. ಕನ್ನಡದ ಲಗ್ನಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಛಾಪಿಸುವ ಜವಾಬ್ದಾರಿಯೂ ಅವನದೇ. ಪತ್ರಿಕೆ ಇಲ್ಲದ ಲಗ್ನವನ್ನು ನಮ್ಮ ಕಡೆ ಲಗ್ನ ಅನ್ನುವುದಿಲ್ಲ. ಆ ಪತ್ರಿಕೆಯಲ್ಲಿ ಹುಡುಗನ ಹೆಸರಿನ ಕೆಳಗೆ ಸಾ॥, ತಾ॥, ಜಿ॥ ಎಂದು ಮೂರು ಮಾತು ಇರಲೇಬೇಕು. ಸಾ॥ ಎಂದರೆ ಸಾಕಿನ್, ಅವನ ಊರು. ಉಳಿದೆರಡು ತಾಲ್ಲೂಕು, ಜಿಲ್ಲೆ. ಹೆಸರು ತಪ್ಪಿದರೂ ಬಂಧುಗಳು ಸುಮ್ಮನಿರುತ್ತಾರೆ, ಸಾಕಿನ್ ತಪ್ಪಿದರೆ ಮಂಟಪದಲ್ಲೇ ಮಾತು ಶುರುವಾಗುತ್ತದೆ.

"ಪತ್ರಿಕಿ ನಾ ಬರೀತೀನಿ. ಆದ್ರ ಹುಡುಗನ ಸಾಕಿನ್ ಕೊಡು," ಎಂದರು ಇವರು ಮಗಳಿಗೆ. "ಊರು ಗೊತ್ತಿಲ್ಲದಾವನ ಪತ್ರಿಕಿ ಕೆಳಗ 'ನಿಮ್ಮ ಆಗಮನಾಭಿಲಾಷಿ ಸಿದ್ರಾಮಪ್ಪ' ಅಂತ ನಾ ಹಾಕಿಸೂದಿಲ್ಲ. ಖಂಡಿತ ಹಾಕಿಸೂದಿಲ್ಲ."

ನಿಶಿತಾಗೆ ಬೇಕಾಗಿದ್ದದ್ದು ಅದೊಂದೇ, ಪತ್ರಿಕೆಯ ಕೆಳಗೆ ಅಪ್ಪನ ಹೆಸರು. ಬೇರೆ ಏನನ್ನೂ ಅವಳು ನಮ್ಮಿಂದ ಕೇಳಿರಲಿಲ್ಲ.

ಇವರು ಬಿಳಿ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಹೊಡೆದು ಫಾರ್ಮ್ ತಯಾರಿಸಿದರು. ಮೇಲೆ 'ವರನ ವಿವರ' ಎಂದು ತಲೆಬರಹ, ಕೆಳಗೆ ಹದಿನಾಲ್ಕು ಕಾಲಂ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕ, ಮಾತೃಭಾಷೆ, ಮೂಲ ಊರು, ಹೀಗೆ. ನಿಶಿತಾ ಹಲ್ಲು ಕಚ್ಚಿಕೊಂಡು ಅದನ್ನು ಇಂಗ್ಲಿಷಿಗೆ ಮಾಡಿ ಎಡ್ವಿನ್‌ಗೆ ಕಳಿಸಿದಳು.

ಫಾರ್ಮ್ ವಾಪಸ್ ಬರುವ ತನಕ ಸುಮ್ಮನೆ ಕೂರುವ ಜೀವ ಅಲ್ಲ ಇದು. ಹತ್ತಿರದ ಲೈಬ್ರರಿಗೆ ದಿನಾ ಹೋಗಿ ಮಲೇಶಿಯಾದ ಭೂಪಟ, ಪುಸ್ತಕ ಹರವಿಕೊಂಡು ಕೂತರು. ನಾಷ್ಟಾದ ಹೊತ್ತಿಗೆ ನನಗೆ ಪಾಠ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು, ಇಷ್ಟು ಶ್ರದ್ಧೆಯ ಮೇಷ್ಟ್ರನ್ನು ನಮ್ಮ ಸ್ಕೂಲಿನಲ್ಲಿಯೂ ಕಂಡಿರಲಿಲ್ಲ.

"ಹದಿಮೂರು ರಾಜ್ಯ, ಇಂದೂ. ಮ್ಯಾಲೆ ಮೂರು ಕೇಂದ್ರಾಡಳಿತ ಪ್ರದೇಶ. ಹದಿಮೂರರಾಗ ಒಂಬತ್ತಕ್ಕ ವಂಶದಿಂದ ಬಂದ ರಾಜರು, ನಾಲ್ಕಕ್ಕ ಗವರ್ನರು. ಆ ಒಂಬತ್ತು ಮಂದಿ ರಾಜರು ಕೂಡಿ ತಮ್ಮೊಳಗ ಒಬ್ಬನ್ನ ಇಡೀ ದೇಶದ ರಾಜ ಅಂತ ಆರಿಸ್ತಾರ. ಐದ ವರ್ಷ. ಆಮ್ಯಾಲೆ ಮುಂದಿನಾವನ ಪಾಳಿ."

"ಐದ ವರ್ಷ ಆದಮ್ಯಾಲೆ ಇಳೀತಾನೇನ್ರಿ?"

"ಇಳೀತಾನ. ಸುಮ್ಮನ ತನ್ನ ರಾಜ್ಯಕ್ಕ ಹೋಗಿ ಕೂಡ್ತಾನ. ನಮ್ಮಲ್ಲೆ ಎರಡು ಪಕ್ಷ ಕೂಡಿ ಇಪ್ಪತ್ತಿಪ್ಪತ್ತು ತಿಂಗಳು ಅಂತ ಮಾತಾಡಿಕೊಂಡು ಮೊದಲನೇ ಇಪ್ಪತ್ತಕ್ಕ ಕೈ ಎತ್ತಿದ್ರಲ್ಲ, ಇವರು ಅರವತ್ತು ವರ್ಷದ ಮ್ಯಾಲೆ ನಡಿಸಿಕೊಂಡು ಬಂದಾರ."

ಎಡ್ವಿನ್‌ನ ರಾಜ್ಯದ ಹೆಸರು ಸರಾವಾಕ್. ಅಲ್ಲಿ ರಾಜನಿಲ್ಲ, ಗವರ್ನರು. ದೇಶದ ರಾಜಧಾನಿ ಒಂದು ಕಡೆ, ಈ ರಾಜ್ಯ ಸಮುದ್ರ ದಾಟಿ ಬೋರ್ನಿಯೋ ದ್ವೀಪದಲ್ಲಿ. ಹೆಚ್ಚೂಕಡಿಮೆ ರಾಜಧಾನಿಯ ಕಡೆಯ ಹನ್ನೊಂದು ರಾಜ್ಯ ಕೂಡಿಸಿದಷ್ಟು ದೊಡ್ಡದು. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ರಾಜಧಾನಿಯ ಜನ ತಮ್ಮದೇ ದೇಶದ ಸರಾವಾಕ್‌ಗೆ ಹೋದರೂ ಇಮಿಗ್ರೇಶನ್ ಕೌಂಟರಿನ ಮುಂದೆ ನಿಲ್ಲಬೇಕಂತೆ. ದೇಶಕ್ಕೆ ಸೇರುವ ಮೊದಲೇ ಸರಾವಾಕ್‌ನವರು ಹಾಕಿದ ಕರಾರಂತೆ ಅದು.

"ಹುಬ್ಬಳ್ಳಿಯಾವ್ರು ಧಾರವಾಡಕ್ಕ ಬರಾಕ ಹಿಂಗ ಇದ್ದಿದ್ರ ಎಷ್ಟು ಛಲೋ ಇತ್ತು," ಎಂದೆ. ಇವರು ನಗಲಿಲ್ಲ. ಇವರ ತಾಯಿ ಹುಬ್ಬಳ್ಳಿಯವರು.

ಎರಡನೇ ವಾರಕ್ಕೆ ಇವರ ಉತ್ಸಾಹ ಇನ್ನೂ ಏರಿತು. "ಅವರ ಡಿವಿಜನ್ ಅಂದ್ರ ನಮ್ಮ ಜಿಲ್ಲೆ. ಹನ್ನೆರಡು ಅವ. ಅದರ ಮುಖ್ಯಸ್ಥಗ ರೆಸಿಡೆಂಟ್ ಅಂತಾರ, ನಮ್ಮ ಡಿ.ಸಿ. ಸಾಹೇಬ್ರು ಇದ್ದಂಗ. ಅವರ ಡಿಸ್ಟ್ರಿಕ್ಟ್ ಅಂದ್ರ ನಮ್ಮ ತಾಲ್ಲೂಕು. ಡಿಸ್ಟ್ರಿಕ್ಟ್ ಆಫೀಸರ್ ಅಂದ್ರ..." ಎಂದು ತಮ್ಮ ಎದೆಯ ಮೇಲೆ ಬೆರಳಿಟ್ಟು "ನಾ" ಎಂದರು. ಅವತ್ತು ಎರಡು ದೋಸೆ ಹೆಚ್ಚಿಗೆ ತಿಂದರು.

ಫಾರ್ಮ್ ಮೊದಲ ಸಲ ಬಂದಾಗ 'ಮೂಲ ಊರು' ಎದುರಿಗೆ 'ಸರಾವಾಕ್' ಎಂದಿತ್ತು. ಜೊತೆಗೆ ಪಾಸ್‌ಪೋರ್ಟಿನ ಪ್ರತಿ. ಅದರಲ್ಲಿಯೂ ಹುಟ್ಟಿದ ಸ್ಥಳ ಸರಾವಾಕ್ ಎಂದೇ ಇತ್ತು. "ರಾಜ್ಯ ಕೇಳಿಲ್ಲ, ಊರು ಕೇಳೀನಿ" ಎಂದು ವಾಪಸ್ ಕಳಿಸಿದರು. ಎರಡನೇ ಸಲ 'ಕುಚಿಂಗ್' ಎಂದು ಬಂತು. ಅದು ಸರಾವಾಕ್‌ನ ರಾಜಧಾನಿ. ಎರಡು ದಿನ ಸಮಾಧಾನವಾಗಿದ್ದರು. ಮೂರನೆಯ ದಿನ ಮಾತೃಭಾಷೆಯ ಕಾಲಂ ಕಣ್ಣಿಗೆ ಬಿತ್ತು. 'ಕೆನ್ಯಾ' ಎಂದು ಬರೆದಿದ್ದ. ಅದು ಆಫ್ರಿಕಾದ ದೇಶವಲ್ಲ, ಅವನ ಬುಡಕಟ್ಟಿನ ಹೆಸರು. ಪುಸ್ತಕ ತೆಗೆದು ನೋಡಿದರೆ ಕೆನ್ಯಾ ಜನರ ಸೀಮೆ ರಜಾಂಗ್ ನದಿಯ ಮೇಲ್ಭಾಗದಲ್ಲಿ, ಒಳನಾಡಿನ ಕಾಡಿನಲ್ಲಿ, ಕುಚಿಂಗ್‌ನಿಂದ ನೂರಾರು ಮೈಲಿ ದೂರ. ಫಾರ್ಮ್ ಮತ್ತೆ ಹೋಯಿತು. ಮೂರನೇ ಸಲ 'ಅಸಾಪ್, ಬೆಲಾಗಾ ಡಿಸ್ಟ್ರಿಕ್ಟ್, ಕಪಿಟ್ ಡಿವಿಜನ್' ಎಂದು ಬಂತು.

"ಬೆಳಗಾವಿ ಜಿಲ್ಲೆಗಿಂತ ದೊಡ್ಡದು ಈ ಬೆಲಾಗಾ ತಾಲ್ಲೂಕು," ಎಂದು ಮೊದಲು ಖುಷಿಪಟ್ಟರು. ಸಂಜೆ ನಿಶಿತಾ ಕೆಲಸದಿಂದ ಬರುವ ಹೊತ್ತಿಗೆ ಮುಖ ಗಂಟಾಗಿತ್ತು. ಫಾರ್ಮಿನಲ್ಲಿ 'ಅಸಾಪ್' ಎಂಬುದರ ಸುತ್ತ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು.

"ಬಾ ಇಲ್ಲೆ. ಈ ಅಸಾಪ್ ಅನ್ನೂದು ಹೊಸ ವಸತಿ. ತೊಂಬತ್ತೆಂಟರಾಗ ಶುರು ಆಗೇದ. ನಿನ್ನ ಹುಡುಗ ಹುಟ್ಟಿದ್ದು ತೊಂಬತ್ಮೂರರಾಗ. ತನಗಿಂತ ಐದು ವರ್ಷ ಸಣ್ಣ ಊರಾಗ ಒಬ್ಬ ಮನುಷ್ಯಾ ಹೆಂಗ ಹುಟ್ತಾನ?"

"ಅಪ್ಪಾ, ನೀವು ಅವನ ಮ್ಯಾಲೆ ಎನ್‌ಕ್ವಾಯರಿ ಹಚ್ಚೀರೇನು?"

"ಮೂರು ಸಲ ಕೇಳಿದ್ರ ಮೂರು ಊರು ಹೇಳ್ಯಾನ. ಏನೋ ಮುಚ್ಚಿಡ್ಲಿಕ್ಕತ್ತಾನ. ಊರು ಮುಚ್ಚಿಟ್ಟಾವ ನಾಳೆ ಮತ್ತೇನು ಮುಚ್ಚಿಡೂದಿಲ್ಲ?"

ನಿಶಿತಾ ಬ್ಯಾಗನ್ನು ಸೋಫಾದ ಮೇಲೆ ಎಸೆದಳು. "ಅವನ ಊರು ನನಗ ಗೊತ್ತದ. ಆದ್ರ ಅದು ನಾ ಹೇಳೂ ಮಾತಲ್ಲ. ನಿಮಗ ಅಷ್ಟು ಬೇಕಾಗಿದ್ರ ಶನಿವಾರ ಟೇಲರ್‌ಗೆ ಕರಕೊಂಡು ಹೋಗ್ತೀನಿ, ಎದುರಿಗೆ ಕೂತು ನೀವ ಕೇಳ್ರಿ. ಒಪ್ಪಿಗಿ ಆಗ್ಲಿಲ್ಲ ಅಂದ್ರ ನಿಮ್ಮ ಹೆಸರು ಬಿಟ್ಟು ಪತ್ರಿಕಿ ಮಾಡಿಸ್ತೀನಿ. ಇನ್ನೊಂದು ಸಲ ಈ ಫಾರ್ಮ್ ಕಳಸಂಗಿಲ್ಲ." ಕಣ್ಣು ತುಂಬಿಕೊಂಡು ಒಳಗೆ ಹೋದಳು.

ನನಗೆ ಹುಡುಗನ ಮೇಲೆ ಅನುಮಾನ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಆ ಕೆಂಪು ಪೆನ್ನು ನೋಡಿ ನನಗೆ ಮೈ ಉರಿಯಿತು. ನಿವೃತ್ತರಾಗಿ ಹತ್ತು ವರ್ಷವಾದರೂ ಅಂಗಿಯ ಕಿಸೆಯಲ್ಲಿ ಒಂದು ನೀಲಿ, ಒಂದು ಕೆಂಪು ಇರಲೇಬೇಕು. ಆ ಕೆಂಪು ಪೆನ್ನಿಗೂ ನನಗೂ ಹಳೆಯ ಹಗೆ ಇದೆ.

ಕೃಷ್ಣೆಯ ದಂಡೆಯ ಊರುಗಳು ಹಿನ್ನೀರಿನಲ್ಲಿ ಮುಳುಗುವ ಕಾಲಕ್ಕೆ ಇವರು ಅಲ್ಲಿಯ ಒಂದು ಪುನರ್ವಸತಿ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ನಮ್ಮ ಕ್ವಾರ್ಟರ್ಸ್ ಕಚೇರಿಯ ಹಿಂದೆಯೇ ಇತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ಒಬ್ಬ ಮುದುಕಿ ಇವರ ಟೇಬಲ್ಲಿನ ಮುಂದೆ ನಿಂತಿದ್ದಳು. ಸೀಗಿದಿನ್ನಿ ಎಂಬ ಊರಿನ ನೀಲವ್ವ. ಯಾವುದೋ ದಾಖಲೆಗಾಗಿ ಮೂರನೇ ಸಲ ಅರ್ಜಿ ತಂದಿದ್ದಳು. ವಿಳಾಸದಲ್ಲಿ ಪ್ರತಿ ಸಲವೂ 'ಸೀಗಿದಿನ್ನಿ' ಎಂದು ಬರೆಸುತ್ತಿದ್ದಳು, ಇವರು ಪ್ರತಿ ಸಲವೂ ಅದನ್ನು ಕೆಂಪಿನಲ್ಲಿ ಹೊಡೆದು 'ಪುನರ್ವಸತಿ ಕೇಂದ್ರ' ಎಂದೂ ಅದರ ನಂಬರನ್ನೂ ಬರೆದು ವಾಪಸ್ ಕಳಿಸುತ್ತಿದ್ದರು. ಅವತ್ತು ಅವಳು ಸಂಬಂಧದ ಪುರಾವೆಗೆಂದು ಮೊಮ್ಮಗನ ಲಗ್ನಪತ್ರಿಕೆ ಲಗತ್ತಿಸಿದ್ದಳು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆ. ಇವರ ಕೈ ಹಾಳೆಯಿಂದ ಹಾಳೆಗೆ ಓಡುತ್ತ ಹೋಗಿ ಆ ಪತ್ರಿಕೆಯ 'ಸಾ॥ ಸೀಗಿದಿನ್ನಿ'ಯ ಮೇಲೂ ಕೆಂಪು ಗೆರೆ ಎಳೆಯಿತು. "ಸಾಹೇಬ್ರ, ಲಗ್ನದ ಪತ್ರಿಕಿ ಮ್ಯಾಲೆ ಗೆರಿ ಹೊಡದ್ರಲ್ರಿ," ಎಂದಳು ನೀಲವ್ವ. ಅಷ್ಟೇ. ಪತ್ರಿಕೆಯನ್ನು ಸೆರಗಿನಲ್ಲಿ ಒರೆಸಿದಳು, ಶಾಯಿ ಹೋಗುತ್ತದೆಯೇ? ಮಡಿಚಿಕೊಂಡು ಹೋದಳು, ಮತ್ತೆ ಬರಲಿಲ್ಲ. ನಾನು ಎಂಟು ದಿನ ಇವರ ಜೊತೆ ಮಾತು ಬಿಟ್ಟಿದ್ದೆ. "ಪಟ್ಟಿಯಾಗ ಆ ಊರು ಇಲ್ಲ, ನಾ ಏನ ಮಾಡ್ಲಿ," ಎಂಬುದೊಂದೇ ಇವರ ಉತ್ತರ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಇವರು ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಶನಿವಾರ ಬೆಳಗ್ಗೆ ಏಳಕ್ಕೆ ಹೊರಟೆವು. ಹ್ಯೂಸ್ಟನ್‌ನಿಂದ ಟೇಲರ್‌ಗೆ ಮೂರು ತಾಸು ಡ್ರೈವ್. ನಿಶಿತಾ ಗಾಡಿ ಓಡಿಸುತ್ತಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಇವರು ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಫೈಲ್ ಇಟ್ಟುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕೂತಿದ್ದರು. ಫೈಲಿನಲ್ಲಿ ಮೂರೂ ಫಾರ್ಮ್, ಲೈಬ್ರರಿಯಲ್ಲಿ ತೆಗೆಸಿದ ಭೂಪಟದ ಝೆರಾಕ್ಸ್.

ಎಡ್ವಿನ್ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದ. ಫೋನಿನಲ್ಲಿ ನೋಡಿದ್ದಕ್ಕಿಂತ ಗಿಡ್ಡ, ಅಗಲ ಭುಜ, ಮಾತು ಮೆಲ್ಲಗೆ. ಬಾಗಿ ನಮಸ್ಕಾರ ಮಾಡಿದ. ನಾವು ಶಾಕಾಹಾರಿಗಳೆಂದು ಕುಂಬಳಕಾಯಿ ಪಲ್ಯ ಮಾಡಿದ್ದ. ಆಸ್ಟಿನ್‌ಗೆ ಹೋಗಿ ಏಷ್ಯನ್ ಅಂಗಡಿಯಲ್ಲಿ ಬಾಳೆಲೆ ತಂದು, ಮೆತ್ತಗೆ ಬೆಂದ ಅನ್ನವನ್ನು ಅದರಲ್ಲಿ ಪೊಟ್ಟಣ ಕಟ್ಟಿ ಇಟ್ಟಿದ್ದ. ನನಗೆ ಅಲ್ಲಿಯೇ ಅರ್ಧ ಮನಸ್ಸು ಕರಗಿತು. ಇವರು ಪೊಟ್ಟಣವನ್ನು ಆಚೆ ಸರಿಸಿ ಮೇಜಿನ ಮೇಲೆ ಮೂರೂ ಫಾರ್ಮ್ ಸಾಲಾಗಿ ಹರವಿದರು.

ಮಾತು ಇಂಗ್ಲಿಷಿನಲ್ಲಿ ನಡೆಯಿತು. ಇವರದು ಕಚೇರಿಯ ಇಂಗ್ಲಿಷ್. ಎಡ್ವಿನ್ ಹೇಳಿದ್ದನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಹೇಳುತ್ತೇನೆ.

ಮೂರರಲ್ಲಿ ಸುಳ್ಳು ಯಾವುದು ಎಂದು ಇವರು ನೇರವಾಗಿಯೇ ಕೇಳಿದರು. ನಿಶಿತಾ ಎದ್ದು ಅಡುಗೆಮನೆಗೆ ಹೋದಳು.

"ಯಾವುದೂ ಸುಳ್ಳಲ್ಲ, ಸರ್," ಎಂದ ಎಡ್ವಿನ್. ಒಂದು ಫಾರ್ಮನ್ನು ಮಗುಚಿ ಹಾಕಿ ಹಿಂದಿನ ಖಾಲಿ ಪುಟದಲ್ಲಿ ಒಂದು ದೊಡ್ಡ ನದಿ ಬರೆದ, ಅದಕ್ಕೆ ಬಂದು ಸೇರುವ ಒಂದು ಹಳ್ಳ ಬರೆದ. "ನಾನು ಹುಟ್ಟಿದ್ದು ಇಲ್ಲಿ. ಲಾಂಗ್ ಸಿಪೆಂಗ್. ಸಿಪೆಂಗ್ ಈ ಹಳ್ಳದ ಹೆಸರು. ಲಾಂಗ್ ಎಂದರೆ ನಮ್ಮ ಭಾಷೆಯಲ್ಲಿ ಎರಡು ನೀರು ಕೂಡುವ ಜಾಗ."

"ಕೂಡಲ," ಎಂದರು ಇವರು ತಮಗೆ ತಾವೇ, ಕನ್ನಡದಲ್ಲಿ.

ಎರಡು ನೀರು ಕೂಡುವಲ್ಲಿ ಅವನು ಉದ್ದಕ್ಕೆ ಒಂದು ಮನೆ ಬರೆದ. ಇಡೀ ಊರಿಗೆ ಒಂದೇ ಮನೆ, ಒಂದೇ ಮಾಡು, ಒಂದೇ ಪಡಸಾಲೆ. ಪಡಸಾಲೆಗೆ ತೆರೆದುಕೊಂಡು ನಲವತ್ತೆರಡು ಬಾಗಿಲು. ಒಂದು ಬಾಗಿಲು ಎಂದರೆ ಒಂದು ಕುಟುಂಬ. ಮನೆಗೊಬ್ಬ ಯಜಮಾನ, ಅಂಥ ಹಲವು ಮನೆಗಳ ಮೇಲೆ ಪೆಂಗುಲು ಎಂಬ ಹಿರಿಯ, ಅವನ ಮೇಲೆ ಡಿಸ್ಟ್ರಿಕ್ಟ್ ಆಫೀಸರು. ಇವರು ಪುಸ್ತಕದಲ್ಲಿ ಓದಿದ್ದಕ್ಕೆ ಇದೆಲ್ಲ ತಾಳೆಯಾಯಿತು. ಹುಬ್ಬು ಸ್ವಲ್ಪ ಇಳಿದವು. ಆದರೂ ಬಿಡಲಿಲ್ಲ.

"ಯಾರ ಯಾರ ಮನೆಗಳು? ಹೆಸರು?"

ಹೊಳೆಯ ಕಡೆಯ ತುದಿಯಿಂದ ಎಡ್ವಿನ್ ಶುರುಮಾಡಿದ. ಮೊದಲ ಬಾಗಿಲು ಇಂಥವರದು, ಎರಡನೆಯದು ಇಂಥವರದು. ಇವರು ಕಿಸೆಯಿಂದ ಪೆನ್ನು ತೆಗೆದು ಒಂದು, ಎರಡು ಎಂದು ನಂಬರು ಹಾಕಿ ಬರೆಯತೊಡಗಿದರು. ಹುಡುಗ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಹದಿನೇಳಕ್ಕೆ "ಇದು ಲವಾಯ್, ನಮ್ಮಪ್ಪ" ಎಂದು ಹೇಳಿ ಮುಂದುವರಿದ. ಒಂದು ಬಾಗಿಲೂ ತಪ್ಪದೆ ನಲವತ್ತೆರಡಕ್ಕೆ ಬಂದು ಮುಟ್ಟಿಸಿದ.

"ಇಷ್ಟು ಚೆನ್ನಾಗಿ ಗೊತ್ತಿದ್ದೂ ಫಾರ್ಮಿನಲ್ಲಿ ಏಕೆ ಬರೆಯಲಿಲ್ಲ? ಈಗ ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ, ಸರ್. ಈಗ ಅಲ್ಲಿ ನೀರಿದೆ."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ನಿಶಿತಾ ಬಾಗಿಲಲ್ಲಿ ಬಂದು ನಿಂತಿದ್ದಳು.

ಅಣೆಕಟ್ಟಿಗಾಗಿ ಅವರನ್ನು ಎಬ್ಬಿಸಿ ಅಸಾಪ್‌ಗೆ ಕಳಿಸಿದ್ದು ತೊಂಬತ್ತೆಂಟರಲ್ಲಿ, ಅವನಿಗೆ ಐದು ವರ್ಷವಿದ್ದಾಗ. ನೀರು ತುಂಬಿದ್ದು ಅದಾಗಿ ಹನ್ನೆರಡು ವರ್ಷಕ್ಕೆ.  ಅಷ್ಟು ಕಾಲವೂ ಆ ಉದ್ದ ಮನೆ ಖಾಲಿ ನಿಂತಿತ್ತು. ಅವನಪ್ಪ ವರ್ಷಕ್ಕೊಮ್ಮೆ ದೋಣಿಯಲ್ಲಿ ಹೋಗಿ ಹದಿನೇಳನೇ ಬಾಗಿಲ ಮುಂದೆ ಕಸ ಗುಡಿಸಿ ಬರುತ್ತಿದ್ದರು. ಎಡ್ವಿನ್‌ಗೆ ಬಾಗಿಲುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದೂ ಅವರೇ. ಹೈಸ್ಕೂಲಿಗೆ ಕುಚಿಂಗ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದ, ಅದೂ ಅವನ ವಿಳಾಸವೇ.

"ಸಣ್ಣವನಿದ್ದಾಗ ಎಲ್ಲ ಅರ್ಜಿಯಲ್ಲಿಯೂ ಲಾಂಗ್ ಸಿಪೆಂಗ್ ಎಂದೇ ಬರೆಯುತ್ತಿದ್ದೆ," ಎಂದ. "ಪಟ್ಟಿಯಲ್ಲಿ ಅಂಥ ಊರಿಲ್ಲ ಎಂದು ಅರ್ಜಿ ವಾಪಸ್ ಬರುತ್ತಿತ್ತು. ಆಮೇಲೆ ಕಲಿತೆ. ಪಾಸ್‌ಪೋರ್ಟಿಗೆ ಸರಾವಾಕ್, ಕೆಲಸಕ್ಕೆ ಕುಚಿಂಗ್, ಇನ್ನೂ ಕೇಳಿದರೆ ಅಸಾಪ್. ನಿಮ್ಮದು ಮನೆಯ ಕಾಗದವಾಗಿದ್ದರೆ ನಿಜ ಬರೆಯುತ್ತಿದ್ದೆ, ಸರ್. ಗೆರೆ, ಕಾಲಂ ನೋಡಿ ಇದೂ ಆಫೀಸಿನ ಫಾರ್ಮ್ ಎಂದುಕೊಂಡೆ."

ನಾನು ಇವರ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ನಲವತ್ತೆರಡು ಹೆಸರು ಬರೆದ ಪೆನ್ನು ನೀಲಿಯೋ ಕೆಂಪೋ ಎಂದು ನನಗೆ ಆಗ ನೋಡಬೇಕೆನಿಸಿತು. ನೀಲಿ.

ಈ ಸಂಗತಿ ಎಲ್ಲರಿಗಿಂತ ಮೊದಲು ಹೊಳೆಯಬೇಕಾಗಿದ್ದದ್ದು ನಮಗೆ. ತೊಂಬತ್ತೆಂಟರ ಹೊಸ ವಸತಿ ಎಂದು ಓದಿದ ಕೂಡಲೇ ಹಳೆಯ ಊರು ಎಲ್ಲಿ ಹೋಯಿತು ಎಂದು ಕೇಳಬೇಕಿತ್ತು. ಅದೇ ಕೆಲಸದ ಮೇಲೆ ಆರು ವರ್ಷ ಇವರು ಸಂಬಳ ತಿಂದವರು, ನಾನು ಆ ಸಂಬಳದಲ್ಲಿ ಅಡುಗೆ ಮಾಡಿದವಳು. ಇಬ್ಬರಿಗೂ ಹೊಳೆಯಲಿಲ್ಲ, ಹುಡುಗ ಸುಳ್ಳ ಎಂದುಕೊಂಡೆವು. ನನಗೆ ನಾಚಿಕೆಯಾಯಿತು.

"ಎಡ್ವಿನ್," ಎಂದರು ಇವರು ಕೊನೆಗೆ. ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಹುಡುಕಿ ಹೇಳಿದರು. "ತೊಂಬತ್ತೆಂಟರಲ್ಲಿ ನಾನೂ ಅಂಥ ಒಂದು ಆಫೀಸಿನಲ್ಲಿದ್ದೆ. ನಿಮ್ಮ ದೇಶದಲ್ಲಲ್ಲ, ನಮ್ಮಲ್ಲಿ. ಅರ್ಜಿ ವಾಪಸ್ ಕಳಿಸುತ್ತಿದ್ದವನು ನಾನೇ."

ಹುಡುಗ ಇವರನ್ನೇ ನೋಡಿದ. ನೋಟದಲ್ಲಿ ಸಿಟ್ಟು ಇರಲಿಲ್ಲ ಎಂದು ಹೇಳಲಾರೆ. ಆಮೇಲೆ, ಆಚೆ ಸರಿಸಿದ್ದ ಅನ್ನದ ಪೊಟ್ಟಣವನ್ನು ಇವರ ಮುಂದೆ ತಂದಿಟ್ಟ.

"ಊಟ ಮಾಡಿ, ಸರ್. ಆರಿಹೋಗುತ್ತದೆ."

ಇವರು ಎಲೆ ಬಿಚ್ಚಿ ಉಂಡರು. ಎರಡನೇ ಸಲ ಬಡಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ಎಡ್ವಿನ್‌ನ ಬೆನ್ನು ತಟ್ಟಿದರು, ಆದರೆ "ಈಗ ಸರಿಹೋತು" ಎನ್ನಲಿಲ್ಲ. ಕಾರಿನಲ್ಲಿ ನಿಶಿತಾ "ಅಪ್ಪಾ?" ಎಂದಳು. "ಪತ್ರಿಕಿ ನಾಳೆ ಬರೀತೀನಿ. ಕೆಳಗ ನನ್ನ ಹೆಸರು ಇರ್ತದ," ಎಂದರು. ಅವಳು ಅಳುತ್ತ ಡ್ರೈವ್ ಮಾಡುವುದನ್ನು ನೋಡಿ ನಾನೇ ಬೈದು ಗಾಡಿ ಪಕ್ಕಕ್ಕೆ ನಿಲ್ಲಿಸಲು ಹೇಳಿದೆ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಊಟದ ಮೇಜಿನ ಮೇಲೆ ಪತ್ರಿಕೆಯ ಮಜಕೂರು ಬರೆದರು. ಎರಡು ತಾಸು ಹಿಡಿಯಿತು. ಫೋಟೋ ತೆಗೆದು ಡಲ್ಲಾಸ್‌ಗೆ ಪ್ರಶಾಂತ್‌ಗೆ ಕಳಿಸಿದೆ. ಮಧ್ಯಾಹ್ನ ಅವನ ಫೋನ್ ಬಂತು. ನಾನು ಸ್ಪೀಕರ್ ಹಾಕಿದೆ.

"ಮಾಮಾ, ಎಲ್ಲಾ ಕೂಡಿಸೀನ್ರಿ. ಒಂದ ಡೌಟ್. 'ಚಿ॥ ಎಡ್ವಿನ್, ಸಾ॥ ಲಾಂಗ್ ಸಿಪೆಂಗ್, ತಾ॥ ಬೆಲಾಗಾ, ಜಿ॥ ಕಪಿಟ್' ಅಂತ ಬರದೀರಿ. ತಾಲ್ಲೂಕು, ಜಿಲ್ಲೆ ಮ್ಯಾಪ್‌ನ್ಯಾಗ ಸಿಕ್ವು. ಈ ಊರು ಸಿಗವಲ್ದು. ಅಲ್ಲಿ ನದಿ ಗುಂಟ ನೋಡಿದ್ರ ಬರೇ ನೀರು ತೋರಸ್ತದ. ನಿಶಿತಾ ಮೊದಲು ಅಸಾಪ್ ಅಂದಿದ್ಲು, ಇದನ್ನ ತಗದು ಅದನ್ನ ಹಾಕ್ಲೇನ್ರಿ?"

"ಬ್ಯಾಡ."

"ಅಲ್ರಿ ಮಾಮಾ, ಯಾರರೆ ಹುಡುಕಿದ್ರ..."

"ಪ್ರಶಾಂತ, ಅದು ಅವರ ಊರು. ಲಗ್ನದ ಪತ್ರಿಕಿ ಅದು. ಅದರ ಮ್ಯಾಲೆ ಗೆರಿ ಹೊಡೀಬ್ಯಾಡ."

ನಾನು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟೆ.

ಹದಿನೈದು ದಿನಕ್ಕೆ ಡಲ್ಲಾಸ್‌ನಿಂದ ಪತ್ರಿಕೆಗಳ ಪೆಟ್ಟಿಗೆ ಬಂತು. ನಾನು ಮೂಲೆಗಳಿಗೆ ಅರಿಶಿನ ಹಚ್ಚಿದೆ, ನಿಶಿತಾ ಲಕೋಟೆಗೆ ಹಾಕಿದಳು, ಇವರು ಊರಿಗೆ ಹೋಗುವ ಲಕೋಟೆಗಳ ಮೇಲೆ ವಿಳಾಸ ಬರೆದರು. ಪಟ್ಟಿಯಲ್ಲಿದ್ದದ್ದು ಅರವತ್ತೆಂಟು. ಎಲ್ಲ ಮುಗಿದ ಮೇಲೆ ಇನ್ನೂ ಒಂದು ಲಕೋಟೆ ಕೇಳಿದರು.

"ಯಾರಿಗ್ರಿ?" ಎಂದೆ.

ಇವರು ನೀಲಿ ಪೆನ್ನಿನಿಂದ ಬರೆದರು. ನಾನು ಭುಜದ ಮೇಲಿಂದ ಬಗ್ಗಿ ಓದಿದೆ. 'ಚಿ॥ ಮಲ್ಲೇಶ, ನೀಲವ್ವನ ಮೊಮ್ಮಗ. ಸಾ॥ ಸೀಗಿದಿನ್ನಿ.' ಅದರ ಕೆಳಗೆ ತಾಲ್ಲೂಕು, ಜಿಲ್ಲೆ. ಇಪ್ಪತ್ತಾರು ವರ್ಷದ ಹಿಂದೆ ಒಂದೇ ಸಲ ಕಣ್ಣಿಗೆ ಬಿದ್ದ ಪತ್ರಿಕೆಯಲ್ಲಿನ ಮದುಮಗನ ಹೆಸರು ಅದು. ನನಗೆ ಅದು ನೆನಪಿರಲಿಲ್ಲ, ಇವರಿಗಿತ್ತು.

ಆದರೂ ಸುಮ್ಮನಿರಲು ಆಗಲಿಲ್ಲ. "ಪುನರ್ವಸತಿ ಕೇಂದ್ರದ ನಂಬರರೆ ಬರೀರಿ. ಹಿಂಗ ಬರದ್ರ ಮುಟ್ಟೂದಿಲ್ಲ. ಆ ಊರು ಈಗ ಎಲ್ಲೆ ಅದ?"

ಇವರು ಲಕೋಟೆಗೆ ಅಂಟು ಹಚ್ಚಿ ಬೆರಳಿನಿಂದ ಒತ್ತಿದರು.

"ಮುಟ್ಟತದ. ಸೀಗಿದಿನ್ನಿಯಾವ್ರು ಎಲ್ಲೆ ಇರ್ತಾರಂತ ಅಲ್ಲಿ ಪೋಸ್ಟ್‌ಮನ್‌ಗ ಗೊತ್ತದ, ಅಂಗಡಿಯಾವಗ ಗೊತ್ತದ, ಬಸ್ಸಿನ ಕಂಡಕ್ಟರ್‌ಗ ಗೊತ್ತದ. ಗೊತ್ತಿಲ್ಲದಾವ ನಾ ಒಬ್ಬನ ಇದ್ದೆ."